ಒಣಗಿದ ಬೆರಳು

ಶಿಡ್ಲಘಟ್ಟದಲ್ಲಿ, ಅತಾವುಲ್ಲಾ ಸಾಬರ ಫಿಲೇಚರಿನ ಬಾಗಿಲಿಗೆ
ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ಹೊಡೆದಿದ್ದಾರೆ.
ಬೆರಳಿಟ್ಟರೆ ಹೊತ್ತು ಬರೆದುಕೊಳ್ಳುತ್ತದೆ.
ನನ್ನದನ್ನು ಮಾತ್ರ ಒಲ್ಲೆ ಅನ್ನುತ್ತದೆ:
ಮತ್ತೊಮ್ಮೆ ಪ್ರಯತ್ನಿಸಿ.

ಮತ್ತೊಮ್ಮೆ. ಸೆರಗಿಗೆ ಒರೆಸಿ ಮತ್ತೊಮ್ಮೆ.
ಎಡಗೈಯದು, ಕಿರುಬೆರಳು, ಮತ್ತೊಮ್ಮೆ.
ಇಪ್ಪತ್ತೆಂಟು ವರ್ಷ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು
ಹಿಚುಕಿದ ಅವರೆಬೇಳೆಯ ಹಾಗೆ ನಯ;
ಗೆರೆಯೆಲ್ಲ ಯಾರ ಸೀರೆಗೆ ಹೋಯಿತೋ.
ಸೂಪರ್‌ವೈಸರ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ,
ಕಾಲು ಗಂಟೆ ಕಮ್ಮಿ ಹಾಕಿ.

ನಾನು ಸೇರಿದಾಗ ಹದಿನಾಲ್ಕು.
ಚರಕದ ಚಕ್ರ ತಿರುಗಿಸುವ ಕೆಲಸ.
ಒಲೆಯ ಮುಂದೆ ಷಮೀಮಕ್ಕ ಎಳೆ ಕೊಡುವಳು,
ನಾನು ತಿರುಗಿಸುವೆ,
ಹೊಗೆ ಇಬ್ಬರಿಗೂ ಸಮಪಾಲು.
ದಿನಕ್ಕೊಂದು ಕೇಜಿ ನೂಲು ಇಳಿದರೆ
ದೊಡ್ಡ ಸಾಬರು ಬೆಲ್ಲದ ಟೀ ತರಿಸುತ್ತಿದ್ದರು.
ಬೆಳಗಿನ ಬಾಂಗಿಗೆ ಒಲೆ ಹಚ್ಚಿದರೆ
ಸಂಜೆಯ ಬಾಂಗಿಗೆ ಕೆಂಡಕ್ಕೆ ನೀರು.
ಆಗ ಶೆಡ್ಡಿಗೆ ಕರೆಂಟಿಲ್ಲ. ಕತ್ತಲಾದರೆ ಎಳೆ ಕಾಣದು,
ಕಾಣದ್ದನ್ನು ಎಳೆ ಅಂತ ಯಾರೂ ಹೇಳುವ ಹಾಗಿಲ್ಲ.
ಕತ್ತಲೆ ನಮ್ಮ ಕಡೆಯ ವಕೀಲ,
ಫೀಜು ಕೇಳದವನು.

ಆಮೇಲೆ ಮೋಟರು ಬಂತು, ಚಕ್ರ ತಾನೇ ತಿರುಗಿತು.
ಇನ್ನು ಪಿಳ್ಳಮ್ಮ ರಾಣಿ ಅಂದರು ಎಲ್ಲರೂ.
ರಾಣಿಗೆ ಒಂದು ಬೇಸಿನ್ನು ಕೊಟ್ಟರು, ಆರು ಎಳೆ;
ಮುಂದಿನ ಯುಗಾದಿಗೆ ಹತ್ತು.
ಜೊತೆಗೆ ತಲೆಯ ಮೇಲೊಂದು ಟ್ಯೂಬ್‌ಲೈಟು.
ವಕೀಲ ಅಂದೇ ಕೇಸು ಸೋತ.

ಈಗಿನ ಮಿಷಿನ್ನು ನಮ್ಮ ಓಣಿಗಿಂತ ಉದ್ದ.
ಎಳೆ ತೆಳುವಾದರೆ ಅದಕ್ಕೇ ಗೊತ್ತಾಗುತ್ತದೆ,
ಅದೇ ಇನ್ನೊಂದು ಗೂಡು ಎತ್ತಿಕೊಳ್ಳುತ್ತದೆ.
ಸಾಬರ ಮಗ ಇಮ್ದಾದ್ ಮಾರುಕಟ್ಟೆಗೂ ಹೋಗುವುದಿಲ್ಲ,
ಮಂಚದ ಮೇಲೆ ಮಲಗಿ ಫೋನಿನಲ್ಲೇ ಗೂಡಿಗೆ ರೇಟು ಕೂಗುತ್ತಾನೆ.
ಮಲಗಿ ಅಂದೆ; ನಿದ್ದೆ ಅನ್ನಲಿಲ್ಲ.
ಬ್ಯಾಂಕಿನ ಕಂತು ರಾತ್ರಿಯೂ ಓಡುತ್ತದಂತೆ,
ಅದರ ಹಿಂದೆ ಮಿಷಿನ್ನು,
ಮಿಷಿನ್ನಿನ ಹಿಂದೆ ನಾವು.

ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಲೆಕ್ಕ ಬರುತ್ತದೆ.
ಇಪ್ಪತ್ತು ಜನರ ಒಂದು ದಿನದ ಕೆಲಸವನ್ನು
ನಾಲ್ಕು ಜನ ಅರ್ಧ ದಿನಕ್ಕೆ ಮುಗಿಸಿದರೆ
ಮಿಕ್ಕ ಹದಿನೆಂಟು ದಿನ ಯಾರ ಮನೆಯಲ್ಲಿದೆ?
ನನ್ನ ಮನೆಯಲ್ಲಿಲ್ಲ, ಅಕ್ಕಿ ಡಬ್ಬಿಯಲ್ಲೂ ನೋಡಿದೆ.
ಸ್ವಲ್ಪ ಷಮೀಮಕ್ಕನ ಜಗಲಿಯ ಮೇಲೆ ಬಿದ್ದಿದೆ,
ಕೆಲಸ ಬಿಡಿಸಿದರಲ್ಲ, ಅಂದಿನಿಂದ.
ಅದನ್ನು ಬಿಡುವು ಅನ್ನಲು ಅವಳಿಗೆ ಬಾಯಿ ಬರುವುದಿಲ್ಲ.
ನನಗೆ ಹನ್ನೆರಡು ಗಂಟೆ, ಅವಳಿಗೆ ಸೊನ್ನೆ,
ಕೂಡಿಸಿ ಭಾಗ ಮಾಡಿದರೆ ಆರಾರು ಅಂತ
ಇಮ್ದಾದನಿಗೆ ಹೇಳಿದೆ. ನಕ್ಕ.
ಕೆಟ್ಟ ನಗುವಲ್ಲ. ಲೆಕ್ಕ ಸರಿಯಿದ್ದದ್ದು
ಅವನಿಗೂ ಗೊತ್ತಿತ್ತು.

ಮೊನ್ನೆ ಮಂಗಳವಾರ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಬಿಹಾರದ ಹುಡುಗ ಸುಖಾರಿ ಗೋಡೆಗೊರಗಿದ್ದೇ ಗೊರಕೆ.
ಬೆಂದ ಹುಳದ ವಾಸನೆ ಎಷ್ಟೋ ವರ್ಷದ ಮೇಲೆ
ಮೂಗಿಗೆ ಬಂತು.
ಹೊರಗೆ ಹೊಂಗೆ ನೆರಳಲ್ಲಿ ಕೂತು ಉಗುರು ಕತ್ತರಿಸಿದೆ.
ಅದೂ ಮುಗಿಯಿತು.
ಆಮೇಲೆ ಮೂರು ಓಣಿ ದಾಟಿ ಹೋದೆ.
ಬೆಲ್ಲದ ಟೀ. ಮಗಳ ಹೆರಿಗೆ, ತೀರಿಕೊಂಡ ಮೇಕೆ,
ಮಧ್ಯೆ ಮಧ್ಯೆ ಏನೂ ಇಲ್ಲ.
ಲೋಟ ಇಸಿದುಕೊಳ್ಳುವಾಗ ಕಂಡಿತು:
ಷಮೀಮಕ್ಕನ ಬೆರಳ ತುದಿಯಲ್ಲಿ ಗೆರೆ ಬಂದಿದೆ,
ಹಿಪ್ಪುನೇರಳೆ ಎಲೆಯ ನರದ ಹಾಗೆ,
ಸಣ್ಣಗೆ, ಹೊಸದಾಗಿ.

ದೂರದಲ್ಲಿ ಮಿಷಿನ್ನು ಗುರ್ರೆಂದಿತು. ಓಡಿದೆ.
ಮೂರು ಗಂಟೆ ಒಣಗಿದ ಬೆರಳಿಟ್ಟೆ.
ಪಿಳ್ಳಮ್ಮ, ಧನ್ಯವಾದಗಳು, ಅಂತು ಪೆಟ್ಟಿಗೆ,
ಬಾಗಿಲಿಗೆ ಬಂದ ಮೇಲೆ ಇದೇ ಮೊದಲು
ಹೆಸರು ಹಿಡಿದು.

ಸುಖಾರಿ ಬಿಸಿನೀರಿನ ಕೊಳಾಯಿ ಬಿಟ್ಟ.
ಆವಿ ಎದ್ದಿತು.
ಅದ್ದುವ ಮುಂಚೆ ಒಂದು ಗಳಿಗೆ
ಟ್ಯೂಬ್‌ಲೈಟಿಗೆ ಹಿಡಿದು ನೋಡಿಕೊಂಡೆ.